ಸವಳು ನೀರಿಗೆ ಸೀಗೆಪುಡಿ

ವಿಜಯಪುರ ಜಿಲ್ಲೆಯ ಸಿಂದಗಿಗೆ ವರ್ಗವಾಗಿ ಬಂದ ನೌಕರರು, ಘಟ್ಟದ ಕಡೆಯಿಂದ ಸೊಸೆಯಾಗಿ ಬಂದವರು ಮೊದಲ ವಾರದಲ್ಲೇ ಹೇಳುವ ದೂರು ಒಂದಿದೆ. ಇಲ್ಲಿಯ ನೀರಿಗೆ ಸೋಪು ನೊರೆ ಬರುವುದಿಲ್ಲ, ಎಷ್ಟು ತೊಳೆದರೂ ಮೈ ಅಂಟಂಟು, ಕೂದಲು ಬಿರುಸು. ಮನೆಯ ಆಯಿಯ ಬಳಿ ಇದಕ್ಕೆ ಉತ್ತರ ತಯಾರಿರುತ್ತದೆ: ‘ಬೋರಿನ ನೀರಿಗಿ ಸಾಬೂನು ನಡ್ಯಂಗಿಲ್ಲವಾ, ಸೀಗಿಪುಡಿ ಹಚ್ಚಿ ಎರಕೊ.’

ಆಯಿ ಹೇಳುವುದು ಸರಿ. ಆದರೆ ‘ಸೀಗೆ ನೈಸರ್ಗಿಕ, ಅದಕ್ಕೇ ಒಳ್ಳೆಯದು’ ಎಂಬ ಜಾಹೀರಾತಿನ ಕಾರಣಕ್ಕಲ್ಲ. ನೈಸರ್ಗಿಕ ವಸ್ತುಗಳಲ್ಲಿ ಚರ್ಮವನ್ನು ಸುಡುವಂಥವೂ ಇವೆ. ಅಂಥದೊಂದು ಪಕ್ಕದ ಇಂಡಿ ತಾಲ್ಲೂಕಿನಲ್ಲೇ ತೋಟಗಟ್ಟಲೆ ಬೆಳೆಯುತ್ತದೆ, ಅದರ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನೀರು.

ಬಕೆಟ್ಟಿನೊಳಗಿನ ಕಲ್ಲು

ವಿಜಯಪುರ ಜಿಲ್ಲೆಯ ಬಹುಭಾಗ ಕೂತಿರುವುದು ದಖ್ಖನ್ನಿನ ಕಪ್ಪುಶಿಲೆಯ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾ ಆರಿ ಈ ಬಸಾಲ್ಟ್ ಆಯಿತು. ಅದು ಸವೆದು ಎರೆಭೂಮಿಯಾಯಿತು. ಈ ಶಿಲೆಯ ಹರಳುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಯಥೇಚ್ಛ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ, ಆ ಹುಳಿ ಕಲ್ಲನ್ನು ಮೆಲ್ಲಗೆ ಕರಗಿಸುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ನಾಡಿನಲ್ಲಿ ಹೀಗೆ ಕರಗಿದ್ದು ಕೊಚ್ಚಿ ಹೋಗದೆ ಅಲ್ಲೇ ಉಳಿಯುತ್ತದೆ. ಬೋರು ಕೊರೆದು ಮೇಲೆತ್ತಿದರೆ ಗಡಸು ನೀರು. ಉಪ್ಪಿನಂಶ ಹೆಚ್ಚಿದ್ದರೆ ಅದು ಸವಳು. ಜನರ ಬಾಯಲ್ಲಿ ಎರಡೂ ಸವಳೇ, ಆದರೆ ಸೋಪಿಗೆ ಮುಖ್ಯ ಶತ್ರು ಉಪ್ಪಲ್ಲ, ಕ್ಯಾಲ್ಸಿಯಂ.

ಸೋಪಿನ ಅಣುವಿಗೆ ಜಿಡ್ಡಿಗೆ ಅಂಟುವ ಉದ್ದನೆಯ ಬಾಲ, ನೀರಿಗೆ ಅಂಟುವ ತಲೆ. ಆ ತಲೆಯಲ್ಲಿ ಋಣ ವಿದ್ಯುದಂಶವಿದೆ. ಎರಡು ಧನ ವಿದ್ಯುದಂಶ ಹೊತ್ತ ಕ್ಯಾಲ್ಸಿಯಂ ಬಂದು ಎರಡು ಸೋಪಿನಣುಗಳ ತಲೆಯನ್ನು ಒಟ್ಟಿಗೆ ಹಿಡಿದುಬಿಡುತ್ತದೆ. ಹಾಗೆ ಹಿಡಿದ ಜೋಡಿ ನೀರಿನಲ್ಲಿ ಕರಗುವುದಿಲ್ಲ. ಬಚ್ಚಲ ಕಲ್ಲಿನ ಮೇಲೆ ಬೂದುಬಣ್ಣದ ಮಡ್ಡಿಯಾಗಿ ಕೂರುವುದು ಅದೇ. ಮೈಮೇಲೆ, ಕೂದಲ ಮೇಲೆ ಕೂತು ಅಂಟಂಟು ಮಾಡುವುದೂ ಅದೇ.

ಇದರ ಲೆಕ್ಕ ಹಾಕಿ ನೋಡಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ. ನಿಮ್ಮ ಬೋರಿನ ನೀರು 500ರದ್ದು ಎಂದಿಟ್ಟುಕೊಳ್ಳಿ. 20 ಲೀಟರ್ ಬಕೆಟ್ಟಿನಲ್ಲಿ 10 ಗ್ರಾಂ ಸುಣ್ಣದಕಲ್ಲಿಗೆ ಸಮನಾದ ಗಡಸು ಕರಗಿರುತ್ತದೆ. ಅದಷ್ಟನ್ನೂ ಹಿಡಿದು ಮಡ್ಡಿ ಮಾಡಲು ಸುಮಾರು 60 ಗ್ರಾಂ ಸೋಪು ಬೇಕು, ಅಂದರೆ 125 ಗ್ರಾಮಿನ ಬಿಲ್ಲೆಯಲ್ಲಿ ಹತ್ತಿರ ಹತ್ತಿರ ಅರ್ಧ. ನಾವು ಇಡೀ ಬಕೆಟ್ಟಿಗೆ ಸೋಪು ಉಜ್ಜುವುದಿಲ್ಲ ನಿಜ, ಆದರೆ ಮೈಮೇಲೆ ಸುರಿದ ಪ್ರತಿ ತಂಬಿಗೆ ನೀರೂ ತನ್ನ ಪಾಲಿನ ಸೋಪನ್ನು ಮೊದಲು ನುಂಗಿಯೇ ನೊರೆಗೆ ದಾರಿ ಬಿಡುತ್ತದೆ.

ಹಂಡೆಯಲ್ಲಿ ಕುದಿಸಿದ ನೀರಿಗೆ ನೊರೆ ತುಸು ಹೆಚ್ಚು ಬರುವುದನ್ನು ಗಮನಿಸಿರುತ್ತೀರಿ. ಕುದಿಯುವಾಗ ಸ್ವಲ್ಪ ಕ್ಯಾಲ್ಸಿಯಂ ಸುಣ್ಣದಕಲ್ಲಾಗಿ ಹಂಡೆಯ ಒಳಮೈಗೆ ಅಂಟುತ್ತದೆ. ಆ ಬಿಳಿ ಹಕ್ಕಳೆಯನ್ನು ಕೆರೆದು ಅದರ ಮೇಲೆ ನಿಂಬೆಹುಳಿ ಹಿಂಡಿ. ಬುಸುಬುಸು ಗುಳ್ಳೆ ಏಳುತ್ತದೆ. ಹಿಂದೆ ಮಣ್ಣಿನಲ್ಲಿ ನೀರಿಗೆ ಸೇರಿದ ಇಂಗಾಲದ ಡೈಆಕ್ಸೈಡ್ ಈಗ ಮರಳಿ ಗಾಳಿಗೆ ಹೋಯಿತು. ಮಕ್ಕಳಿಗೆ ಭೂವಿಜ್ಞಾನ ಕಲಿಸಲು ಇದಕ್ಕಿಂತ ಅಗ್ಗದ ಪಾಠ ಇಲ್ಲ.

ಕ್ಯಾಲ್ಸಿಯಂಗೆ ಹಿಡಿತ ಸಿಗದ ನೊರೆ

ಸೀಗೆಕಾಯಿ, ಅಂಟಲಕಾಯಿ ಎರಡೂ ಸಿಂದಗಿಯ ಬಯಲಿನ ಬೆಳೆಗಳಲ್ಲ. ಸಂತೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ಕೊಂಡು ತರುವಂಥವು. ಇವುಗಳಲ್ಲಿ ನೊರೆ ಕೊಡುವ ವಸ್ತು ಸಪೋನಿನ್. ಅದಕ್ಕೂ ಜಿಡ್ಡಿನ ಕಡೆ ಒಂದು ತುದಿ, ನೀರಿನ ಕಡೆ ಒಂದು ತುದಿ. ಆದರೆ ನೀರಿನ ಕಡೆಯ ತುದಿ ಬಗೆಬಗೆಯ ಸಕ್ಕರೆಗಳ ಸರಪಳಿ. ಸೋಪಿನ ತಲೆಯಂತೆ ಅಲ್ಲಿ ಕ್ಯಾಲ್ಸಿಯಂ ಕೈಹಾಕಿ ಎಳೆಯುವ ಜಾಗ ಇಲ್ಲ. ಹಾಗಾಗಿ ಗಡಸು ನೀರಿನಲ್ಲೂ ಸಪೋನಿನ್ ಮಡ್ಡಿಗಟ್ಟದೆ ಜಿಡ್ಡು ತೆಗೆಯುತ್ತದೆ. ಸೀಗೆಯಲ್ಲಿ ಹುಳಿಯಂಶವೂ ಇರುವುದರಿಂದ ಹಳೆಯ ಮಡ್ಡಿಯನ್ನೂ ಸಡಿಲಿಸುತ್ತದೆ. ಅದಕ್ಕೇ ಸೀಗೆ ಹಚ್ಚಿ ಎರೆದುಕೊಂಡ ಕೂದಲು ಸಿಕ್ಕು ಬಿಡಿಸಲು ಸುಲಭ. ಪತ್ತಾರರು ಬಂಗಾರ, ಬೆಳ್ಳಿ ಒಡವೆಗಳನ್ನು ಅಂಟಲಕಾಯಿಯ ನೊರೆಯಲ್ಲಿ ತೊಳೆಯುವುದೂ ಮಡ್ಡಿಗಟ್ಟದೆ ಜಿಡ್ಡು ತೆಗೆಯುವ ಗುಣಕ್ಕಾಗಿಯೇ.

ಇದೇ ಸಮಸ್ಯೆಗೆ ಕಾರ್ಖಾನೆಗಳೂ ಒಂದು ಉತ್ತರ ಕಂಡುಕೊಂಡಿವೆ. 1934ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಸೋಪಿಲ್ಲದ ‘ಡ್ರೀನ್’ ಶಾಂಪೂ ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದ ಸಂಶ್ಲೇಷಿತ ಮಾರ್ಜಕಕ್ಕೂ ಗಡಸು ನೀರಿನ ಕಾಟ ಅಷ್ಟಾಗಿ ಇರಲಿಲ್ಲ. ಇಂದಿನ ಶಾಂಪೂಗಳೆಲ್ಲ ಅದೇ ದಾರಿಯವು. ಸೀಗೆ ಮತ್ತು ಶಾಂಪೂ ಒಂದೇ ಲೆಕ್ಕವನ್ನು ಎರಡು ಬಗೆಯಲ್ಲಿ ಬಿಡಿಸಿವೆ, ಅಷ್ಟೆ. ಒಂದು ಪುಣ್ಯ, ಇನ್ನೊಂದು ಪಾಪ ಎಂದು ತಿಳಿಯಬೇಕಿಲ್ಲ.

ಸೀಗೆಯೇನೂ ಸಾಧು ಪ್ರಾಣಿಯಲ್ಲ. ಸಪೋನಿನ್ ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟರಾಲಿಗೆ ಅಂಟಿ ಪೊರೆಯನ್ನು ತೂತು ಮಾಡಬಲ್ಲದು. ಸಪೋನಿನ್ ಇರುವ ಕಾಯಿ, ಬೇರುಗಳನ್ನು ಜಜ್ಜಿ ಹೊಳೆಗೆ ಹಾಕಿ ಮೀನು ಹಿಡಿಯುವ ರೂಢಿ ಜಗತ್ತಿನ ಹಲವೆಡೆ ಇದೆ. ಮೀನಿನ ಕಿವಿರಿಗೆ ಆಗುವುದೇ ನಮ್ಮ ಕಣ್ಣಿಗೂ ಸ್ವಲ್ಪ ಆಗುತ್ತದೆ. ಸೀಗೆ ಕಣ್ಣಿಗೆ ಬಿದ್ದ ಮಗು ಬಚ್ಚಲು ಹಾರಿಹೋಗುವಂತೆ ಕಿರುಚುವುದು ಸುಮ್ಮನೆ ಅಲ್ಲ. ಗಿರಣಿಯಲ್ಲಿ ಸೀಗೆ ಬೀಸಲು ಕೊಟ್ಟವರಿಗೆ ಇನ್ನೊಂದು ಅನುಭವ: ಪುಡಿ ಹಾರತೊಡಗಿದರೆ ಸರದಿಯಲ್ಲಿ ನಿಂತವರೆಲ್ಲ ಸೀನುತ್ತಾರೆ, ಗಿರಣಿಯವನು ‘ಎಲ್ಲಾರ್ದೂ ಮುಗೀಲಿ, ಕಡೀಕ್ ತಗೊಂಬರ್ರಿ’ ಎನ್ನುತ್ತಾನೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಖಾರ ಕುಟ್ಟಿದ ಯಂತ್ರಕ್ಕಂತೂ ಹಾಕಿಸಲೇಬಾರದು.

ಹಿಟ್ಟು ಮತ್ತು ಮಣ್ಣು

ತಲೆಗೆ ಸೀಗೆಯಾದರೆ, ಮೈಗೆ ಕಡ್ಲಿಹಿಟ್ಟು ಅಥವಾ ಹೆಸರುಹಿಟ್ಟು. ಕಾಳಿನ ಹಿಟ್ಟು ಮೂರು ಬಗೆಯಲ್ಲಿ ಕೆಲಸ ಮಾಡುತ್ತದೆ. ಪಿಷ್ಟದ ಕಣಗಳು ಎಣ್ಣೆಯನ್ನು ಹೀರುತ್ತವೆ. ಪ್ರೋಟೀನು ಎಣ್ಣೆ ಮತ್ತು ನೀರನ್ನು ಕೂಡಿಸಿ ಕದಡುತ್ತದೆ. ನುಣ್ಣನೆಯ ತರಿ ಸತ್ತ ಚರ್ಮವನ್ನು ಉಜ್ಜಿ ತೆಗೆಯುತ್ತದೆ. ಕಡಲೆಯಲ್ಲೂ ಅಲ್ಪ ಸ್ವಲ್ಪ ಸಪೋನಿನ್ ಇದೆ, ಬೇಳೆ ಬೇಯುವಾಗ ಮೇಲೆ ಬರುವ ನೊರೆಯಲ್ಲಿ ಅದರ ಪಾಲೂ ಉಂಟು.

ಒಂದು ಕಾಲಕ್ಕೆ ಈ ಭಾಗದ ಹೆಂಗಸರು ತಲೆಗೆ ಎರೆಮಣ್ಣನ್ನೂ ಹಚ್ಚುತ್ತಿದ್ದರು. ನಗಬೇಡಿ. ಎರೆಮಣ್ಣಿನ ಜೇಡಿ ಮಾಂಟ್‌ಮೊರಿಲೊನೈಟ್ ಬಳಗದ್ದು, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಮುಲ್ತಾನಿ ಮಿಟ್ಟಿಯೂ ಬಹುಪಾಲು ಅದೇ ಬಳಗದ್ದು. ಕಾಗದಕ್ಕಿಂತ ಎಷ್ಟೋ ಪಟ್ಟು ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತ ಈ ಜೇಡಿಯ ಒಂದು ಗ್ರಾಮಿನಲ್ಲಿ, ಎಲ್ಲ ಹಾಳೆಗಳನ್ನು ಬಿಡಿಸಿ ಹರಡಿದರೆ, 700 ಚದರ ಮೀಟರಿಗೂ ಮಿಕ್ಕ ಹರವು ಸಿಗುತ್ತದೆ. ಅಷ್ಟು ಹರವಿಗೆ ಜಿಡ್ಡು ಅಂಟಿಕೊಳ್ಳುತ್ತದೆ. ನೀರು ಕುಡಿದು ಉಬ್ಬುವುದು, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವುದು, ತಲೆಯ ಜಿಡ್ಡು ತೆಗೆಯುವುದು ಎಲ್ಲ ಆ ಹಾಳೆಗಳದೇ ಗುಣ. ಆದರೂ ಈಗ ಹೊಲದ ಮಣ್ಣು ತಂದು ಹಚ್ಚಬೇಡಿ. ಅದರಲ್ಲಿ ಗೊಬ್ಬರವಿದೆ, ಔಷಧಿ ಹೊಡೆದ ಶೇಷವಿದೆ, ಧನುರ್ವಾಯುವಿನ ಬೀಜಕಣಗಳೂ ಇರಬಹುದು. ಅಜ್ಜಿಯ ಕಾಲದ ಹೊಲವೂ ಇವತ್ತಿನ ಹೊಲವೂ ಒಂದೇ ಅಲ್ಲ.

ಎಳ್ಳು, ಕುಸುಬಿ, ಜೇನುಮೇಣ

ಚರ್ಮದ ಹೊರಪದರ 15ರಿಂದ 20 ಸಾಲು ಸತ್ತ ಕೋಶಗಳದು. ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಪಾಲು. ಕಣಿಕೆ ಬಣವಿ ಒಟ್ಟುವಾಗ ಮಳೆ ಒಳಗಿಳಿಯದಂತೆ ಸಾಲಿನ ಮೇಲೆ ಸಾಲು ಒತ್ತಾಗಿ ಇಡುತ್ತಾರಲ್ಲ, ಇದೂ ಹಾಗೇ. ವ್ಯತ್ಯಾಸ ಇಷ್ಟೇ: ಇಲ್ಲಿ ಸಾಲುಗಳ ನಡುವಿನ ಸಂದಿಯನ್ನು ಕೊಬ್ಬು ತುಂಬಿರುತ್ತದೆ, ಮತ್ತು ಅದು ಒಳಗಿನ ನೀರು ಹೊರಗೆ ಹೋಗದಂತೆಯೂ ಕಾಯುತ್ತದೆ. ಸೋಪು ಕೊಳೆಯ ಜೊತೆ ಈ ಕೊಬ್ಬನ್ನೂ ಒಯ್ಯುತ್ತದೆ. ಪುಷ್ಯದ ಒಣ ಗಾಳಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಹಿಮ್ಮಡಿ ಒಡೆಯುತ್ತದೆ, ತುಟಿ ಸೀಳುತ್ತದೆ.

ಸಂಕ್ರಮಣಕ್ಕೆ ಉತ್ತರ ಕರ್ನಾಟಕದಲ್ಲಿ ಎಳ್ಳು ಅರೆದು ಅರಿಶಿಣ ಕೂಡಿಸಿ ಮೈಗೆ ಹಚ್ಚಿಕೊಂಡು ಭೀಮೆಗೋ ಕೃಷ್ಣೆಗೋ ಸ್ನಾನಕ್ಕೆ ಹೋಗುವ ರೂಢಿಯಿದೆ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆ. ಅರೆದ ಎಳ್ಳಿನ ಸಿಪ್ಪೆ ಮೈ ಉಜ್ಜುತ್ತದೆ, ಎಣ್ಣೆ ಸಂದಿಗಳಲ್ಲಿ ಉಳಿಯುತ್ತದೆ. ಚಳಿಗಾಲದ ಒಣ ದಿನಗಳಲ್ಲಿ ಇದಕ್ಕಿಂತ ಹೊಂದುವ ಸ್ನಾನ ಇನ್ನೊಂದಿಲ್ಲ.

ನಮ್ಮ ಇನ್ನೊಂದು ಎಣ್ಣೆ ಕುಸುಬಿಯದು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಲಿನೋಲಿಯಿಕ್ ಆಮ್ಲ. ಚರ್ಮ ತನ್ನ ಸಂದಿಯ ಕೊಬ್ಬನ್ನು ಕಟ್ಟಿಕೊಳ್ಳಲು ಬೇಕಾದ ಆಮ್ಲ ಇದು, ದೇಹ ಇದನ್ನು ತಾನೇ ತಯಾರಿಸಲಾರದು. ಸೂರ್ಯಕಾಂತಿಯಲ್ಲೂ ಇದು ಹೇರಳ. ಢಾಕಾದ ಆಸ್ಪತ್ರೆಯೊಂದರಲ್ಲಿ ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯ ಸೋಂಕು ಶೇಕಡಾ 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆ ವರದಿ ಮಾಡಿತು. ಎಣ್ಣೆ ರೋಗಾಣುವನ್ನು ಕೊಂದಿತೆಂದಲ್ಲ, ಎಳೆಯ ಚರ್ಮದ ಬೇಲಿ ಗಟ್ಟಿಯಾಯಿತೆಂದು ವೈದ್ಯರ ವಿವರಣೆ. ಇನ್ನು ಕುಸುಬಿ ಹೂವಿನ ಕೆಂಪನ್ನು ಜಪಾನೀಯರು ‘ಬೆನಿ’ ಎಂಬ ತುಟಿಬಣ್ಣಕ್ಕೆ ಬಳಸುತ್ತಾ ಬಂದಿದ್ದಾರೆ. ನಮ್ಮ ಹೊಲದಲ್ಲಿ ಮುಳ್ಳಿನ ನಡುವೆ ಬಾಡಿ ಹೋಗುವ ಹೂವು ಅದು.

ಲಿನೋಲಿಯಿಕ್ ಆಮ್ಲಕ್ಕೆ ಒಂದು ದೌರ್ಬಲ್ಯ: ಗಾಳಿಯ ಆಮ್ಲಜನಕಕ್ಕೆ ಬೇಗ ಸೋಲುತ್ತದೆ. ಬಿಸಿಲು ಬೀಳುವ ಗೂಡಿನಲ್ಲಿಟ್ಟ ಕುಸುಬಿ ಎಣ್ಣೆ ಕಮಟು ನಾರುವುದು ಅದಕ್ಕೇ. ಎಳ್ಳೆಣ್ಣೆಯಲ್ಲಿ ಸೆಸಮಾಲ್‌ನಂಥ ತಡೆಗಾರರು ಇರುವುದರಿಂದ ಅದು ಹೆಚ್ಚು ದಿನ ತಾಳುತ್ತದೆ. ಹಾಗಾಗಿ ಹಿಮ್ಮಡಿಯ ಮುಲಾಮಿಗೆ ಎಳ್ಳೆಣ್ಣೆಯೇ ಸರಿ. ನಾಲ್ಕು ಚಮಚ ಎಣ್ಣೆಗೆ ಒಂದು ಚಮಚದಷ್ಟು ತುರಿದ ಜೇನುಮೇಣ. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಡಬ್ಬಿಗೆ ಸುರಿದು ಆರಲು ಬಿಟ್ಟರೆ ಮುಗಿಯಿತು. ಜೇನುಮೇಣ ಕರಗಲು 62 ಡಿಗ್ರಿಗೂ ಹೆಚ್ಚು ಬಿಸಿ ಬೇಕು, ಹಾಗಾಗಿ 42 ಡಿಗ್ರಿಯ ಮೇ ತಿಂಗಳಲ್ಲೂ ಮುಲಾಮು ನೀರಾಗಿ ಹರಿಯುವುದಿಲ್ಲ. ಕರಗಿಸುವ ಕೆಲಸ ದೊಡ್ಡವರದು, ತುರಿಯುವುದು, ಡಬ್ಬಿ ಒರೆಸುವುದು, ಚೀಟಿ ಅಂಟಿಸುವುದು ಮಕ್ಕಳದು.

ಅರಿಶಿಣದ ಕಾಗದ

ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಲು ಒಳ್ಳೆಯ ದಾರಿ ಅರಿಶಿಣ. ಒಂದು ಚಮಚ ಅರಿಶಿಣವನ್ನು ಸ್ವಲ್ಪ ಸ್ಯಾನಿಟೈಸರಿನಲ್ಲಿ ಕದಡಿ ದಪ್ಪ ಬಿಳಿ ಕಾಗದಕ್ಕೆ ಬಳಿದು ನೆರಳಲ್ಲಿ ಒಣಗಿಸಿ, ಪಟ್ಟಿ ಕತ್ತರಿಸಿ. ಕುರ್ಕುಮಿನ್ ಎಂಬ ಅದರ ಬಣ್ಣ ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಮೈಸೋಪಿನ ನೀರು ಹನಿಸಿದರೆ ಪಟ್ಟಿ ಕೆಂಗಂದಾಗುತ್ತದೆ. ಸುಣ್ಣದ ತಿಳಿ ಹನಿಸಿದರೆ ಕಡುಗೆಂಪು. ಸೀಗೆಯ ತಿಳಿಗೆ, ಕಡ್ಲಿಹಿಟ್ಟಿನ ನೀರಿಗೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಕೆಂಪಾದ ಜಾಗಕ್ಕೆ ನಿಂಬೆರಸ ಹಾಕಿದರೆ ಹಳದಿ ಮರಳುತ್ತದೆ.

ಇದು ಬರೀ ಆಟವಲ್ಲ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಅಂದರೆ ತುಸು ಹುಳಿ. ಸೋಪಿನ ನೀರಿನದು 9ರಿಂದ 10, ಅಂದರೆ ಕ್ಷಾರ. ಪ್ರತಿ ಸಲ ಸೋಪು ಹಚ್ಚಿದಾಗಲೂ ಚರ್ಮ ತನ್ನ ಹುಳಿಯನ್ನು ಮತ್ತೆ ಗಳಿಸಿಕೊಳ್ಳಲು ಗಂಟೆಗಳೇ ಬೇಕು. ಯಾವ ಪುಡಿ ಚರ್ಮದ ಹುಳಿಯನ್ನು ಕೆಡಿಸುವುದಿಲ್ಲ ಎಂಬುದನ್ನು ಹತ್ತು ವರ್ಷದ ಹುಡುಗಿ ಪಡಸಾಲೆಯಲ್ಲಿ ಕೂತು ತಾನೇ ಪರೀಕ್ಷಿಸಬಹುದು.

ಅರಿಶಿಣ ಗಾಯಕ್ಕೆ ಮದ್ದೆಂಬ ಅಡುಗೆಮನೆಯ ತಿಳಿವಳಿಕೆಗೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆಯಿತು. ಆರ್. ಎ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಭಾರತದ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಆ ಗೆಲುವಿನ ಅರ್ಥ ಅರಿಶಿಣ ಎಲ್ಲಕ್ಕೂ ಮದ್ದು ಎಂದಲ್ಲ. ಕುರ್ಕುಮಿನ್ ದೇಹದ ಪಿಎಚ್‌ನಲ್ಲಿ ಬೇಗ ಒಡೆಯುವ, ನೀರಿನಲ್ಲಿ ಕರಗದ ವಸ್ತು, ಅದರ ಔಷಧ ಗುಣಕ್ಕೆ ಗಟ್ಟಿ ಪುರಾವೆ ಸಾಲದು ಎಂದು 2017ರ ವಿಮರ್ಶಾ ಪ್ರಬಂಧವೊಂದು ಎಚ್ಚರಿಸಿದೆ. ಮದುವೆಯ ಅರಿಶಿಣ ಸಂಭ್ರಮಕ್ಕೆ ಇರಲಿ, ಸ್ನಾನದ ಪುಡಿಗೆ ಚಿಟಿಕೆ ಸಾಕು.

ಇಂಡಿಯ ನಿಂಬೆ, ಸಿಂದಗಿಯ ಬಿಸಿಲು

ಈಗ ಆಗಲೇ ಹೇಳಿದ ಸುಡುವ ವಸ್ತು. ಇಂಡಿಯ ನಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ರುಚಿಗೆ ಎದುರಿಲ್ಲ. ಆದರೆ ನಿಂಬೆರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗಬೇಡಿ. ಅದರ ಪಿಎಚ್ 2ರಿಂದ 2.5, ಚರ್ಮಕ್ಕೆ ಬೇಕಾದ ಹುಳಿಗಿಂತ ನೂರಾರು ಪಟ್ಟು ತೀಕ್ಷ್ಣ. ಅದಕ್ಕಿಂತ ದೊಡ್ಡ ಅಪಾಯ ಫ್ಯೂರೊಕೌಮರಿನ್‌ಗಳದು, ಇವು ಸಿಪ್ಪೆಯಲ್ಲಿ ಇನ್ನೂ ಹೆಚ್ಚು. ಕತ್ತಲಲ್ಲಿ ಇವು ಸುಮ್ಮನಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದೊಡನೆ ಚರ್ಮದ ಕೋಶಗಳ ಡಿಎನ್‌ಎ ಎಳೆಗಳಿಗೆ ಬೆಸೆದುಕೊಂಡು ಕೋಶಗಳನ್ನು ಕೊಲ್ಲುತ್ತವೆ. ಉರಿ ಆಗಲೇ ಕಾಣುವುದಿಲ್ಲ, ಒಂದು ದಿನ ಬಿಟ್ಟು ಕೆಂಪು, ಎರಡು ಮೂರು ದಿನಕ್ಕೆ ಗುಳ್ಳೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ. ಬಿಳುಪಾಗಲೆಂದು ಹಚ್ಚಿದ್ದು ಕಪ್ಪು ಮಾಡಿತು. ಇದೇ ಬಳಗದ ಸೋರಲಿನ್ ಬಾವಂಚಿ ಬೀಜದಲ್ಲಿದೆ, ವೈದ್ಯರು ತೊನ್ನಿನ ಚಿಕಿತ್ಸೆಗೆ ಅದನ್ನು ಅಳೆದ ಬೆಳಕಿನೊಡನೆ ಬಳಸುತ್ತಾರೆ. ಅಳತೆಯಲ್ಲಿದ್ದರೆ ಮದ್ದು, ಅಳತೆ ಇಲ್ಲದಿದ್ದರೆ ಗಾಯ.

ಒಣಗಿದ್ದೇ ಭದ್ರ

ಇನ್ನು ಪುಡಿಗಳ ಅಳತೆ. ತಲೆಗೆ: ಸೀಗೆ ಅರ್ಧ ಕಿಲೊ, ಬೀಜ ತೆಗೆದ ಅಂಟಲಕಾಯಿ ನೂರು ಗ್ರಾಂ, ಮೆಂತ್ಯ ನೂರು ಗ್ರಾಂ, ಒಣಗಿದ ದಾಸವಾಳದ ಎಲೆ ಎರಡು ಹಿಡಿ. ಮೆಂತ್ಯ, ದಾಸವಾಳಗಳ ಲೋಳೆ ಕೂದಲಿನ ಮೇಲೆ ತೆಳ್ಳನೆ ಪದರವಾಗಿ ಕೂತು ನುಣುಪು ತರುತ್ತದೆ. ಮೈಗೆ: ಹೆಸರುಹಿಟ್ಟು ಅರ್ಧ ಕಿಲೊ, ಕಸ್ತೂರಿ ಅರಿಶಿಣ ಒಂದು ಚಮಚ, ಒಣ ಗುಲಾಬಿ ಎಸಳು, ಲಾವಂಚ. ಎಲ್ಲವನ್ನೂ ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ, ಬೀಸಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ತರಿ ಉಳಿದರೆ ಮೈ ಗೀರುತ್ತದೆ.

ಒಣಗಿಸುವುದೇ ಇಲ್ಲಿ ಅರ್ಧ ವಿಜ್ಞಾನ. ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬಿಡಿ ನೀರು ಬೇಕು, ಗರಿಗರಿ ಪುಡಿಯಲ್ಲಿ ಅದು ಸಿಗದು. ಅದೇ ಪುಡಿಯನ್ನು ನೀರಿನಲ್ಲಿ ಕಲಸಿ ಇಟ್ಟರೆ ಅದು ಪಿಷ್ಟ, ಪ್ರೋಟೀನು, ಬೆಚ್ಚನೆ ಜಾಗ ಎಲ್ಲ ಕೂಡಿದ ಊಟದ ಮನೆ. ಅನುಕೂಲ ಸಿಕ್ಕರೆ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ರಾತ್ರಿ ಒಂದಿದ್ದದ್ದು ಎಂಟು ಗಂಟೆಯ ನಂತರ ಸುಮಾರು 1.68 ಕೋಟಿ. ಹಸಿ ಲೋಳೆಸರವನ್ನು ಬಾಟಲಿಗೆ ತುಂಬಿ ತಿಂಗಳಾನುಗಟ್ಟಲೆ ಬಳಸುವವರು ಈ ಲೆಕ್ಕ ಮಾಡಿಲ್ಲ. ಕಲಸಿದ್ದನ್ನು ಆಗಲೇ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಡಬ್ಬಿಗೆ ಒದ್ದೆ ಕೈ ಹಾಕಬಾರದು. ಹೊಸ ಪುಡಿಯನ್ನು ಮೊದಲು ಮೊಣಕೈ ಒಳಮೈಗೆ ಹಚ್ಚಿ ಎರಡು ದಿನ ಕಾದು ನೋಡಬೇಕು. ಎಳೆಗೂಸಿನ ಹೊಕ್ಕುಳಿಗೆ, ತೆರೆದ ಗಾಯಕ್ಕೆ, ಇಸುಬಿಗೆ ಏನನ್ನೂ ಹಚ್ಚದೆ ವೈದ್ಯರಲ್ಲಿಗೆ ಹೋಗಬೇಕು.

ಅಂಗಡಿಗೂ ಮನೆಗೂ ಇರುವ ಅಂತರ

ಕಂಪನಿಯ ಕ್ರೀಮಿಗೂ ಮನೆಯ ಪುಡಿಗೂ ಇರುವ ನಿಜವಾದ ಅಂತರ ‘ಕೆಮಿಕಲ್’ ಮತ್ತು ‘ನೈಸರ್ಗಿಕ’ ಎಂಬುದಲ್ಲ. ಸಪೋನಿನ್ನೂ ಕೆಮಿಕಲ್ಲೇ, ಫ್ಯೂರೊಕೌಮರಿನ್ನೂ ನೈಸರ್ಗಿಕವೇ. ಅಂತರ ಇರುವುದು ಸಮಯದಲ್ಲಿ. ಕಂಪನಿಯ ಬಾಟಲಿ ಕಾರ್ಖಾನೆಯಿಂದ ಹೊರಟು, ಗೋದಾಮಿನಲ್ಲಿ ಕೂತು, ಅಂಗಡಿಯ ಬಿಸಿಲು ತಿಂದು, ಎರಡು ಮೂರು ವರ್ಷ ಕೆಡದೆ ಇರಬೇಕು. ಅದಕ್ಕೆ ಸಂರಕ್ಷಕ ಬೇಕೇ ಬೇಕು, ಅದು ಮೋಸವಲ್ಲ. ಮನೆಯ ಪುಡಿ ಮುಂದಿನ ಭಾನುವಾರದ ಸ್ನಾನದ ಹೊತ್ತಿಗೆ ಚೆನ್ನಾಗಿದ್ದರೆ ಆಯಿತು, ಅದಕ್ಕೆ ಸಂರಕ್ಷಕದ ಗೊಡವೆಯೇ ಇಲ್ಲ. ಮನೆ ಕಂಪನಿಯನ್ನು ಅನುಕರಿಸಿ ನೀರು ಬೆರೆಸಿ ಬಾಟಲಿ ತುಂಬಲು ಹೋದಾಗಲೇ ಎಡವುವುದು. ಮಾರಾಟಕ್ಕೆ ಇಳಿದರೆ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕೆಯ ಪರವಾನಗಿ, ಚೀಟಿಯಲ್ಲಿ ಪದಾರ್ಥ, ತಾರೀಖು ಎಲ್ಲ ಬೇಕು. ಮಹಿಳಾ ಸಂಘಗಳು ಇದನ್ನು ಮೊದಲೇ ತಿಳಿದಿರುವುದು ಒಳಿತು.

ಹಾಗಾಗಿ ಮಕ್ಕಳಿಗೆ ಪುಡಿಯ ಅಳತೆಗಿಂತ ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ. ಇದರಲ್ಲಿ ನೀರಿದೆಯೇ? ಎಷ್ಟು ದಿನ ಇಡಬೇಕು? ಮೈಮೇಲೆ ಉಳಿಯುತ್ತದೆಯೋ, ತೊಳೆದು ಹೋಗುತ್ತದೆಯೋ? ಆಯಿಯ ಡಬ್ಬಿಗೂ ಅಂಗಡಿಯ ಬಾಟಲಿಗೂ ಈ ಮೂರನ್ನೇ ಕೇಳಬೇಕು. ಉತ್ತರ ಕೊಡಲಾಗದ್ದನ್ನು ಮೈಗೆ ಹಚ್ಚದಿದ್ದರೆ ಸಾಕು.